ಪ್ಲಾಸ್ಮಾ ಸಂಸ್ಕರಿತ ಜಲ ಮತ್ತು ಹಸುರು ಸೂಕ್ಷ್ಮಪಾಚಿ: ಒಂದು ವಿಮರ್ಶೆ

ಗಾಂಧಿನಗರದ ಪ್ಲಾಸ್ಮಾ ಸಂಶೋಧನ ಸಂಸ್ಥೆಯ ವಿಜ್ಞಾನಿಗಳು ಪ್ಲಾಸ್ಮಾದಿಂದ ಸಂಸ್ಕರಿಸಿದ ನೀರನ್ನು ಸಾರಜನಕದ ಮೂಲವಾಗಿ ಬಳಸಿ ಕ್ಲೋರೆಲ್ಲಾ ಎಂಬ ಹಸುರು ಪಾಚಿಯನ್ನು ಬೆಳೆಸಿ ನೋಡಿದ್ದಾರೆ. ಗಾಳಿ, ನೀರು, ವಿದ್ಯುತ್ತು ಇವಿಷ್ಟರಿಂದಲೇ ಪೋಷಕಾಂಶ ದೊರೆಯುವುದೆಂಬುದು ಇಂಥ ಪ್ರಯೋಗಗಳ ಆಕರ್ಷಣೆ. ಕೆರೆಯನ್ನು ಹೆಸರಿನಲ್ಲಿಯೇ ಹೊತ್ತಿದ್ದ ಪುಲಿಗೆರೆಯ, ಎಂದರೆ ಇಂದಿನ ಲಕ್ಷ್ಮೇಶ್ವರದ, ಬಯಲುಸೀಮೆಗೆ ಈ ವಿಧಾನ ಒಗ್ಗೀತೇ ಎಂಬುದನ್ನು ಇಲ್ಲಿ ಪರಿಶೀಲಿಸೋಣ.

ಗಾಳಿಯಲ್ಲಿ ವಿದ್ಯುದ್ವಿಸರ್ಜನೆ ನಡೆದಾಗ ಸಾರಜನಕದ ಆಕ್ಸೈಡುಗಳು ಹುಟ್ಟಿ ನೀರಿನಲ್ಲಿ ನೈಟ್ರೇಟ್, ನೈಟ್ರೈಟುಗಳಾಗುತ್ತವೆ, ನೀರು ಆಮ್ಲೀಯವಾಗುತ್ತದೆ. ಜೊತೆಗೆ ಹೈಡ್ರೋಜನ್ ಪೆರಾಕ್ಸೈಡೂ ಉಂಟಾಗುತ್ತದೆ. ನೈಟ್ರೇಟ್ ಪಾಚಿಗೆ ಆಹಾರ. ಪೆರಾಕ್ಸೈಡ್ ಮಿತಿ ಮೀರಿದರೆ ವಿಷ. ಆದುದರಿಂದ ಬೆಳೆವಣಿಗೆ ಹೆಚ್ಚಿತೆಂದು ಹೇಳಿದರೆ ಸಾಲದು. ಅದೇ ಪ್ರಮಾಣದ ನೈಟ್ರೇಟನ್ನು ಸಾಧಾರಣ ಲವಣದ ರೂಪದಲ್ಲಿ ಬೆರೆಸಿ, ಆಮ್ಲತೆಯನ್ನೂ ಸಮಗೊಳಿಸಿದ ನೀರಿನೊಡನೆ ಹೋಲಿಸಿದಾಗಲೂ ಹೆಚ್ಚಳ ಉಳಿದರೆ ಮಾತ್ರ ಅದು ಪ್ಲಾಸ್ಮಾದ ವಿಶೇಷ ಗುಣವೆನಿಸೀತು. ಇಲ್ಲವಾದರೆ ಅದು ನೈಟ್ರೇಟಿನ ಗುಣವಷ್ಟೆ. ರಂಜಕ, ಕಬ್ಬಿಣ ಮೊದಲಾದುವನ್ನು ಪ್ಲಾಸ್ಮಾ ಕೊಡಲಾರದೆಂಬುದನ್ನೂ ಮರೆಯಬಾರದು.

ಇನ್ನು ವೆಚ್ಚದ ಮಾತು. ಒಂದು ಕಿಲೋಗ್ರಾಂ ಒಣಪಾಚಿಗೆ ಸುಮಾರು 75 ಗ್ರಾಂ ಸಾರಜನಕ ಬೇಕು. ಅದು ಸುಮಾರು 160 ಗ್ರಾಂ ಯೂರಿಯಾದಲ್ಲಿ ದೊರೆಯುತ್ತದೆ. ಒಂದು ಮೋಲ್ ಸಾರಜನಕದ ಸ್ಥಿರೀಕರಣಕ್ಕೆ 10 ಮೆಗಾಜೂಲ್ ವ್ಯಯವಾಗುವುದೆಂದು ಹಿಡಿದರೆ, ಪ್ಲಾಸ್ಮಾ ವಿಧಾನದಲ್ಲಿ ಅಷ್ಟಕ್ಕೇ ಹದಿನೈದು ಯೂನಿಟ್ ವಿದ್ಯುತ್ತು ತಗಲುತ್ತದೆ. ನಾರ್ವೆಯಲ್ಲಿ ಬಿರ್ಕೆಲಾಂಡ್ ಮತ್ತು ಐಡೆ 1903ರಲ್ಲಿ ರೂಪಿಸಿದ ವಿದ್ಯುಚ್ಚಾಪ ವಿಧಾನವು ಹಾಬರ್–ಬಾಷ್ ವಿಧಾನದೆದುರು ಹಿಂದೆ ಬಿದ್ದುದೂ ಈ ಕಾರಣದಿಂದಲೇ.

ಪ್ರಯೋಗಶಾಲೆಯ ಶುದ್ಧಜಲಕ್ಕೂ ನಮ್ಮ ಕೊಳವೆಬಾವಿಯ ಗಡಸುನೀರಿಗೂ ಅಂತರವಿದೆ. ಗಡಸುನೀರಿನ ಬೈಕಾರ್ಬೊನೇಟ್ ಹುಟ್ಟಿದ ಆಮ್ಲವನ್ನು ತಟಸ್ಥಗೊಳಿಸುವುದರಿಂದ ಪ್ರಕಟಿತ ಫಲಿತಾಂಶಗಳು ಇಲ್ಲಿ ಹಾಗೆಯೇ ಮರುಕಳಿಸಲಾರವು. ಮುಂಡರಗಿ ಸೀಮೆಯ ಅಂತರ್ಜಲದಲ್ಲಿ ಕಂಡುಬಂದಿರುವ ಫ್ಲೋರೈಡನ್ನು ಪ್ಲಾಸ್ಮಾ ನಿವಾರಿಸದು. ಪಾಚಿಯನ್ನು ಆಹಾರವಾಗಿಯೋ ಮೇವಾಗಿಯೋ ಬಳಸುವವರು ಇದನ್ನು ಗಮನಿಸಲೇಬೇಕು.

ಹಾಗೆಂದು ಈ ಸಂಶೋಧನೆ ವ್ಯರ್ಥವೆಂದು ನಾವು ಹೇಳುವುದಿಲ್ಲ. ರೋಗಾಣುಗಳನ್ನು ನಾಶಮಾಡುವ ಶಕ್ತಿ ಈ ನೀರಿಗುಂಟು. ಮಿಗತೆ ಸೌರವಿದ್ಯುತ್ತು ಲಭಿಸುವೆಡೆ ಲೆಕ್ಕವೂ ಬದಲಾದೀತು. ಆದರೆ ನೀರು ವಿರಳವಾದ ನಾಡಿನಲ್ಲಿ ರೈತನ ಮುಂದೆ ಹೊಸ ಯಂತ್ರವನ್ನಿಡುವ ಮೊದಲು, ಸಂಸ್ಕರಿತ ಜಲ, ಸಮಪ್ರಮಾಣದ ನೈಟ್ರೇಟ್ ಜಲ, ಬರಿಯ ಜಲ ಎಂಬ ಮೂರು ಕುಪ್ಪಿಗಳನ್ನು ಸ್ಥಳೀಯ ನೀರಿನಿಂದಲೇ ತುಂಬಿ ಹೋಲಿಸುವುದು ಅಗತ್ಯ. ಹೋಲಿಕೆಯ ಕೆಲಸವಾದರೂ ನಮ್ಮ ಕಾಲೇಜುಗಳ ಪ್ರಯೋಗಶಾಲೆಗಳಿಗೆ ನಿಲುಕದ್ದಲ್ಲ.