ಹಸಿರು ಚುಕ್ಕೆಯೂ ಅಚೌರ್ಯಾಣುವ್ರತವೂ

ಆಹಾರಶುದ್ಧಿಯ ವಿಷಯದಲ್ಲಿ ಜೈನ ಶ್ರಾವಕಾಚಾರಗಳಷ್ಟು ಸೂಕ್ಷ್ಮವಾಗಿ ವಿಚಾರ ಮಾಡಿದ ಗ್ರಂಥಗಳು ವಿರಳ. ನೀರನ್ನು ಸೋಸಿಯೇ ಬಳಸಬೇಕು, ಹೊತ್ತು ಮುಳುಗಿದ ಮೇಲೆ ಉಣ್ಣಬಾರದು, ಕಂದಮೂಲಗಳು ವರ್ಜ್ಯ, ಕಾಲಮರ್ಯಾದೆ ಮೀರಿದ ಹಿಟ್ಟು ವರ್ಜ್ಯ ಎಂಬ ನಿಯಮಗಳೆಲ್ಲದರ ಹಿಂದೆ ಇರುವುದು ಒಂದೇ ದೃಷ್ಟಿ: ಕಣ್ಣಿಗೆ ಕಾಣದ ಹಿಂಸೆಯನ್ನೂ ಗೃಹಸ್ಥನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಹೂಕೋಸಿನ ಒಳಗೆ ತ್ರಸಜೀವಿಗಳು ಅಡಗಿರುತ್ತವೆಂದು ಅದನ್ನು ಮನೆಗೇ ತರದ ಕುಟುಂಬಗಳು ರಾಜಾಜಿನಗರ, ಬಸವೇಶ್ವರನಗರಗಳಂತಹ ಬಡಾವಣೆಗಳಲ್ಲಿ ಇಂದಿಗೂ ಇವೆ. ಇಷ್ಟು ಸೂಕ್ಷ್ಮವಾದ ಪರಂಪರೆ ರಾಸಾಯನಿಕಗಳ ಕಾಲದಲ್ಲಿ ಹೇಗೆ ನಡೆದುಕೊಳ್ಳುತ್ತಿದೆ ಎಂಬುದು ವಿಮರ್ಶೆಗೆ ತಕ್ಕ ಪ್ರಶ್ನೆ.

ಈಗ ಅಂಗಡಿಯಲ್ಲಿ ಪೊಟ್ಟಣವನ್ನು ತಿರುಗಿಸಿ ನೋಡುವ ಶ್ರಾವಕನ ಕಣ್ಣು ಮೊದಲು ಹುಡುಕುವುದು ಹಸಿರು ಚುಕ್ಕೆಯನ್ನು. ಅದು ಕಂಡೊಡನೆ ಪರೀಕ್ಷೆ ಮುಗಿಯುತ್ತದೆ. ಈ ಗುರುತು ಉಪಯುಕ್ತವಾದುದೇ. ಆದರೆ ಅದು ಉತ್ತರಿಸುವುದು ಒಂದೇ ಪ್ರಶ್ನೆಗೆ: ಈ ಪದಾರ್ಥ ಪ್ರಾಣಿಮೂಲದ್ದೋ ಅಲ್ಲವೋ? ಆ ಉತ್ತರವೂ ಪೂರ್ಣವಾಗಿರಲಿಲ್ಲ. ಇ-631 ಮೊದಲಾದ ಸಂಖ್ಯೆಗಳ ಹಿಂದೆ ಮೀನಿನ ಅಥವಾ ಮಾಂಸದ ಮೂಲ ಇರಬಹುದಾದ್ದರಿಂದ, ಪ್ರತಿಯೊಂದು ಘಟಕದ ಮೂಲವನ್ನೂ ತಯಾರಕರು ತಿಳಿಸಬೇಕೆಂದು ದೆಹಲಿ ಉಚ್ಚ ನ್ಯಾಯಾಲಯವು 2021ರ ಡಿಸೆಂಬರ್‌ನಲ್ಲಿ ಹೇಳಬೇಕಾಯಿತು. ಇನ್ನು ಆ ಪದಾರ್ಥ ತಿನ್ನುವವನ ದೇಹಕ್ಕೆ ಏನು ಮಾಡುತ್ತದೆ, ಮಾರುವವನು ಏನನ್ನು ಮರೆಮಾಡಿದ್ದಾನೆ ಎಂಬ ವಿಷಯದಲ್ಲಿ ಹಸಿರು ಚುಕ್ಕೆ ಮೌನವಾಗಿದೆ. ಕಾರ್ಖಾನೆಯಲ್ಲಿ ಹುಟ್ಟಿದ ಬಣ್ಣಕ್ಕೆ ಪ್ರಾಣಿಯ ಸಂಬಂಧವೇ ಇಲ್ಲ. ಆ ಅರ್ಥದಲ್ಲಿ ವಿಷವೂ ಸಸ್ಯಾಹಾರವೇ.

ಈ ಮಾತು ಅತಿಶಯೋಕ್ತಿಯಲ್ಲ ಎಂಬುದನ್ನು ಕರ್ನಾಟಕ ಸರ್ಕಾರದ ಪರೀಕ್ಷೆಗಳೇ ತೋರಿಸಿಕೊಟ್ಟಿವೆ. 2024ರಲ್ಲಿ ರಾಜ್ಯದ ಆಹಾರ ಸುರಕ್ಷತಾ ಅಧಿಕಾರಿಗಳು ಗೋಬಿ ಮಂಚೂರಿಯ 171 ಮಾದರಿಗಳನ್ನು ಪರೀಕ್ಷೆಗೆ ಒಳಪಡಿಸಿದಾಗ 107ರಲ್ಲಿ ಅಸುರಕ್ಷಿತ ಕೃತಕ ಬಣ್ಣಗಳು ಕಂಡುಬಂದವು. ಮಕ್ಕಳ ಮೆಚ್ಚಿನ ಬಾಂಬೆ ಮಿಠಾಯಿಯ, ಎಂದರೆ ಕಾಟನ್ ಕ್ಯಾಂಡಿಯ, 25 ಮಾದರಿಗಳಲ್ಲಿ 15 ಅಸುರಕ್ಷಿತವಾಗಿದ್ದವು. ದೊರೆತ ಬಣ್ಣಗಳಲ್ಲಿ ಒಂದು ರೋಡಮೈನ್-ಬಿ. ಬಟ್ಟೆಗೆ, ಕಾಗದಕ್ಕೆ, ಚರ್ಮಕ್ಕೆ ಹಾಕುವ, ಕಣ್ಣು ಕೋರೈಸುವ ಗುಲಾಬಿ ಬಣ್ಣ. ಅದೇ ವರ್ಷ ಮಾರ್ಚ್ 11ರಂದು ಸರ್ಕಾರ ಈ ತಿಂಡಿಗಳಲ್ಲಿ ಕೃತಕ ಬಣ್ಣದ ಬಳಕೆಯನ್ನು ನಿಷೇಧಿಸಿತು. ತಪ್ಪಿತಸ್ಥರಿಗೆ 7 ವರ್ಷಗಳವರೆಗೆ ಸೆರೆವಾಸ, 10 ಲಕ್ಷ ರೂಪಾಯಿಗಳವರೆಗೆ ದಂಡ ಎಂದು ಎಚ್ಚರಿಸಿತು. ಜೂನ್‌ನಲ್ಲಿ ಕಬಾಬ್‌ಗಳಿಗೂ ನಿಷೇಧ ವಿಸ್ತರಿಸಿತು.

ಈ ಆದೇಶ ಸ್ವಾಗತಾರ್ಹ. ಆದರೂ ಕಾನೂನು ನಡೆಯುವ ದಾರಿಯನ್ನು ಗಮನಿಸಬೇಕು. ಅದು ಕೇಳುವುದು ಮುಖ್ಯವಾಗಿ ‘ಎಷ್ಟು ಅಪಾಯಕರ?’ ಎಂಬ ಪ್ರಶ್ನೆಯನ್ನು. ಭಾರತದ ಆಹಾರ ನಿಯಮಗಳು ಎಂಟು ಕೃತಕ ಬಣ್ಣಗಳಿಗೆ ಅನುಮತಿ ಕೊಟ್ಟಿವೆ. ನಿರ್ದಿಷ್ಟ ತಿನಿಸುಗಳಲ್ಲಿ, ಸಾಮಾನ್ಯವಾಗಿ ಒಂದು ಕಿಲೋಗ್ರಾಮಿಗೆ 100 ಮಿಲಿಗ್ರಾಮಿನ ಮಿತಿಯೊಳಗೆ ಅವನ್ನು ಬಳಸಬಹುದು. ಈ ಎಂಟರಲ್ಲಿ ಟಾರ್ಟ್ರಾಜಿನ್, ಸನ್‌ಸೆಟ್ ಯೆಲ್ಲೋ, ಕಾರ್ಮೋಸಿನ್, ಪೊನ್ಸೋ 4ಆರ್ ಎಂಬ ನಾಲ್ಕು ಬಣ್ಣಗಳಿರುವ ತಿನಿಸುಗಳ ಮೇಲೆ, ಮಕ್ಕಳ ಚಟುವಟಿಕೆ ಮತ್ತು ಏಕಾಗ್ರತೆಗೆ ತೊಂದರೆಯಾಗಬಹುದು ಎಂಬ ಎಚ್ಚರಿಕೆಯನ್ನು ಮುದ್ರಿಸಬೇಕೆಂದು ಯುರೋಪಿನ ಒಕ್ಕೂಟ 2010ರಿಂದ ವಿಧಿಸಿದೆ. ಐದನೆಯದಾದ ಎರಿತ್ರೋಸಿನ್‌ಗೆ ಆಹಾರದಲ್ಲಿ ಕೊಟ್ಟಿದ್ದ ಅನುಮತಿಯನ್ನು ಅಮೆರಿಕ 2025ರ ಜನವರಿಯಲ್ಲಿ ಹಿಂತೆಗೆದುಕೊಂಡು, ತಯಾರಕರಿಗೆ ಕಾಲಾವಕಾಶ ನೀಡಿತು. ಒಂದು ದೇಶದಲ್ಲಿ ನಿರ್ದೋಷಿಯಾದುದು ಇನ್ನೊಂದರಲ್ಲಿ ಶಂಕಿತ. ನಿನ್ನೆ ಸಮ್ಮತವಾದುದು ಇಂದು ತ್ಯಾಜ್ಯ. ಪ್ರಯೋಗಶಾಲೆಯ ಜ್ಞಾನ ಬೆಳೆದಂತೆ ಕಾನೂನಿನ ಗೆರೆಯೂ ಸರಿಯುತ್ತದೆ. ಇದು ಕಾನೂನಿನ ದೋಷವಲ್ಲ, ಅದರ ಸ್ವಭಾವ.

ಜೈನಾಚಾರ್ಯರು ಈ ವಿಷಯವನ್ನು ಬೇರೊಂದು ಬಾಗಿಲಿನಿಂದ ಪ್ರವೇಶಿಸಿದರು. ಉಮಾಸ್ವಾತಿಗಳ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಣುವ್ರತಗಳ ಅತಿಚಾರಗಳನ್ನು ಎಣಿಸುವಾಗ ‘ಪ್ರತಿರೂಪಕ ವ್ಯವಹಾರ’ ಎಂಬುದು ಬರುತ್ತದೆ. ಅದು ಬರುವುದು ಅಹಿಂಸೆಯ ಅತಿಚಾರಗಳಲ್ಲಲ್ಲ, ಅಚೌರ್ಯದ ಅತಿಚಾರಗಳಲ್ಲಿ. ಕಳ್ಳಮಾಲನ್ನು ಕೊಳ್ಳುವುದು, ತೂಕ ಅಳತೆಗಳಲ್ಲಿ ಹೆಚ್ಚು ಕಡಿಮೆ ಮಾಡುವುದು ಇವುಗಳ ಸಾಲಿನಲ್ಲಿ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರ ಇದನ್ನೇ ‘ಸದೃಶ ಸನ್ಮಿಶ್ರ’ ಎಂದು ಕರೆಯುತ್ತದೆ. ಹೋಲುವ ಕೀಳು ಪದಾರ್ಥವನ್ನು ಉತ್ತಮ ಪದಾರ್ಥದಲ್ಲಿ ಬೆರೆಸುವುದು ಎಂದು ಅದರ ಅರ್ಥ. ತುಪ್ಪಕ್ಕೆ ಎಣ್ಣೆ ಬೆರೆಸುವುದು ಟೀಕಾಕಾರ ಪ್ರಭಾಚಂದ್ರರು ಕೊಡುವ ಉದಾಹರಣೆ. ಎಣ್ಣೆ ವಿಷವಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ಅದನ್ನು ತಿಂದು ಯಾರೂ ಕಾಯಿಲೆ ಬೀಳಬೇಕಾಗಿಲ್ಲ. ಆದರೂ ವ್ರತಕ್ಕೆ ದೋಷ ತಗಲಿತು. ಏಕೆಂದರೆ ಕೊಳ್ಳುವವನ ನಂಬಿಕೆಯನ್ನು ಅವನಿಗೆ ತಿಳಿಯದಂತೆ ಕದ್ದುಕೊಂಡದ್ದಾಯಿತು.

ಈ ವರ್ಗೀಕರಣದ ಮಹತ್ವ ಇಂದು ಹೆಚ್ಚು ಸ್ಪಷ್ಟವಾಗುತ್ತದೆ. ರೋಡಮೈನ್-ಬಿ ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಹಾನಿಯ ಸೂಚನೆ ಕೊಟ್ಟಿದೆ. ಮನುಷ್ಯನಲ್ಲಿ ಅದು ಎಷ್ಟರಮಟ್ಟಿಗೆ ರೋಗಕಾರಕ ಎಂಬುದು ಇತ್ಯರ್ಥವಾಗಿಲ್ಲ. ಇದನ್ನೇ ಹಿಡಿದು ‘ಸಾಬೀತಾಗಿಲ್ಲವಲ್ಲ’ ಎನ್ನುವ ವ್ಯಾಪಾರಿ ಕಾನೂನಿನ ಮುಂದೆ ವಾದ ಹೂಡಬಹುದು. ವ್ರತದ ಮುಂದೆ ಆ ವಾದಕ್ಕೆ ಸ್ಥಾನವಿಲ್ಲ. ಬಾಡಿದ ಹೂಕೋಸಿಗೆ ಕೆಂಪು ಬಳಿದು ತಾಜಾ ಎಂದು ತೋರಿಸಿದ ಕ್ಷಣದಲ್ಲೇ ಚೌರ್ಯ ನಡೆದುಹೋಯಿತು. ಹಾನಿ ಎಷ್ಟು ಎಂಬುದು ಅನಂತರದ ಪ್ರಶ್ನೆ.

ದೋಷವನ್ನು ಹಂಚುವ ಕ್ರಮದಲ್ಲಿಯೂ ಶಾಸ್ತ್ರದೃಷ್ಟಿ ಕಾನೂನಿಗಿಂತ ವಿಶಾಲವಾಗಿದೆ. ಕೃತ, ಕಾರಿತ, ಅನುಮೋದಿತ ಎಂಬ ಮೂರು ಬಗೆಗಳನ್ನು ಜೈನರ ಮಕ್ಕಳೂ ಬಲ್ಲರು. ವಿಜಯನಗರದ ಸಂಜೆಯ ಬೀದಿಯಲ್ಲಿ ತಳ್ಳುಗಾಡಿಯ ಬಾಣಲೆಗೆ ಬಣ್ಣ ಸುರಿಯುವವನದು ಕೃತ. ಬಟ್ಟೆಗೆಂದು ತಯಾರಾದ ಬಣ್ಣದ ಪೊಟ್ಟಣವನ್ನು, ಕೊಳ್ಳುವವನು ಯಾರು, ಯಾವುದಕ್ಕೆ ಎಂದು ಒಂದು ಮಾತೂ ಕೇಳದೆ ಮಾರುವ ಸಗಟು ವ್ಯಾಪಾರಿಯದು ಕಾರಿತಕ್ಕೆ ಹತ್ತಿರ. ಕೆಂಪಗಿಲ್ಲದಿದ್ದರೆ ತಟ್ಟೆಯನ್ನು ಹಿಂದಕ್ಕೆ ತಳ್ಳುವ ಗಿರಾಕಿಯದು ಅನುಮೋದಿತ. 2024ರ ಆದೇಶದ ಭಾರವೆಲ್ಲ ಬೀಳುವುದು ಮೊದಲನೆಯವನ ಮೇಲೆ, ದಿನದ ಗಳಿಕೆಯಿಂದ ದಿನ ದೂಡುವ ಮನುಷ್ಯನ ಮೇಲೆ. ಅವನು ನಿರ್ದೋಷಿಯಲ್ಲ, ಆದರೆ ಮೂವರಲ್ಲಿ ಅತ್ಯಂತ ಬಡವನು ಅವನೇ.

ಇಲ್ಲಿ ಜೈನ ಸಮಾಜ ತನ್ನನ್ನು ತಾನೇ ಪ್ರಶ್ನಿಸಿಕೊಳ್ಳಬೇಕಾದ ಸಂಗತಿಯಿದೆ. ಶತಮಾನಗಳಿಂದ ವಾಣಿಜ್ಯವನ್ನೇ ವೃತ್ತಿಯಾಗಿ ಉಳ್ಳ ಸಮಾಜವಿದು. ಶ್ರಾವಕಾಚಾರಗಳು ಅಡುಗೆಮನೆಗೆ ಎಷ್ಟು ನಿಯಮಗಳನ್ನು ಹಾಕಿವೆಯೋ ಅಂಗಡಿಗೂ ಅಷ್ಟೇ ಹಾಕಿವೆ. ಹನ್ನೆರಡನೆಯ ಶತಮಾನದ ಹೇಮಚಂದ್ರಾಚಾರ್ಯರು ಯೋಗಶಾಸ್ತ್ರದಲ್ಲಿ ಗೃಹಸ್ಥನಿಗೆ ವರ್ಜ್ಯವಾದ ಹದಿನೈದು ವೃತ್ತಿಗಳನ್ನು ವಿವರಿಸುತ್ತಾರೆ. ಅವುಗಳಲ್ಲಿ ವಿಷವಾಣಿಜ್ಯ ಒಂದು. ಅದರಲ್ಲಿ ಆಯುಧ, ವಿಷಗಳ ಜೊತೆಗೆ ಹರಿತಾಳವೂ ಸೇರಿದೆ. ಹರಿತಾಳ ಒಂದು ಹಳದಿ ಬಣ್ಣ. ಅದು ಆರ್ಸೆನಿಕ್ಕಿನ ಸಂಯುಕ್ತವೆಂದು ಇಂದಿನ ರಸಾಯನಶಾಸ್ತ್ರ ಹೇಳುತ್ತದೆ. ಲಾಕ್ಷಾವಾಣಿಜ್ಯ ಇನ್ನೊಂದು; ಅರಗು, ನೀಲಿ, ಮನಃಶಿಲೆ, ಬಿಳಿಗಾರಗಳ ಮಾರಾಟ ಅಲ್ಲಿ ನಿಷಿದ್ಧ. ಎಂಟುನೂರು ವರ್ಷಗಳ ಹಿಂದೆಯೇ ಬಣ್ಣದ ವ್ಯಾಪಾರ ನೀತಿವಿಚಾರಕ್ಕೆ ಒಳಪಟ್ಟಿತ್ತು. ಸಮಂತಭದ್ರರು ಅನರ್ಥದಂಡಗಳಲ್ಲಿ ಹೇಳುವ ‘ಹಿಂಸಾದಾನ’ವೂ ಇದೇ ದಿಕ್ಕಿನದು: ಕೊಲ್ಲುವ ಸಾಧನವನ್ನು ಪರರ ಕೈಗೆ ಕೊಡುವುದು. ಕಂದಮೂಲದ ನಿಯಮ ಮನೆಮನೆಯಲ್ಲಿ ಉಳಿದು, ವಿಷವಾಣಿಜ್ಯದ ನಿಯಮ ಗ್ರಂಥದಲ್ಲಿಯೇ ಉಳಿದದ್ದು ಹೇಗೆ? ಅಡುಗೆಮನೆಯ ನಿಯಮದಿಂದ ಲಾಭಕ್ಕೆ ಕೊರತೆಯಿಲ್ಲ, ಅಂಗಡಿಯ ನಿಯಮದಿಂದ ಇದೆ ಎಂಬುದನ್ನು ಬಿಟ್ಟು ಬೇರೆ ಉತ್ತರ ಹೊಳೆಯುವುದು ಕಷ್ಟ.

‘ನೈಸರ್ಗಿಕ’ ಎಂಬ ಪದಕ್ಕೆ ಶರಣುಹೋದರೆ ಸಮಸ್ಯೆ ತೀರುತ್ತದೆ ಎಂದು ಭಾವಿಸುವವರೂ ಉಂಟು. ಶಾಸ್ತ್ರಕಾರರು ಆ ಭ್ರಮೆಗೆ ಒಳಗಾಗಲಿಲ್ಲ. ಅರಗು ನೈಸರ್ಗಿಕವೇ, ಆದರೆ ಕೀಟಗಳ ಪ್ರಾಣಕ್ಕೆ ಎರವಾದುದು. ತುಟಿಬಣ್ಣಗಳಲ್ಲಿ ಬಳಕೆಯಾಗುವ ಕಾರ್ಮೈನ್ ಎಂಬ ಕೆಂಪು ಸಹ ಕೀಟಗಳನ್ನು ಒಣಗಿಸಿ ತೆಗೆದದ್ದು. ಹರಿತಾಳವೂ ಭೂಮಿಯಲ್ಲಿಯೇ ಸಿಗುವ ಖನಿಜ. ಒಂದೆಡೆ ಜೀವವಧೆ, ಇನ್ನೊಂದೆಡೆ ದೇಹಹಾನಿ. ಎರಡನ್ನೂ ತೂಗಿ ನೋಡುವ ವಿವೇಕವನ್ನು ಯಾವ ಚುಕ್ಕೆಯೂ ಕೊಡಲಾರದು. ಬಿಳುಪಿನ ಆಸೆಗೆ ಹಚ್ಚುವ ಮುಲಾಮುಗಳ ಕಥೆಯೂ ಹೀಗೆಯೇ. 2020ರ ಪ್ರಸಾಧನ ಸಾಮಗ್ರಿ ನಿಯಮಗಳು ಪಾದರಸ ಸೇರಿಸುವುದನ್ನು ನಿಷೇಧಿಸಿವೆ. ಆದರೂ 2023ರಲ್ಲಿ ನೆರೆಯ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಇಂತಹ ಮುಲಾಮು ಬಳಸಿದವರಲ್ಲಿ ಮೂತ್ರಪಿಂಡದ ಕಾಯಿಲೆಯನ್ನು ವೈದ್ಯರು ಗುರುತಿಸಿದರು. ಅಲ್ಲಿ ಮಾರಿದವನ ಲೋಭದ ಜೊತೆಗೆ, ಕಪ್ಪು ಮೈಬಣ್ಣವನ್ನು ಕುಂದೆಂದು ಎಣಿಸುವ ಸಮಾಜದ ಅನುಮೋದನೆಯೂ ಇತ್ತು.

ಎಲ್ಲ ದೋಷವೂ ವಂಚನೆಯಿಂದಲೇ ಹುಟ್ಟುವುದಿಲ್ಲ. 2025ರಲ್ಲಿ ರಾಜ್ಯದ ಅಧಿಕಾರಿಗಳು 251 ಕಡೆ ಇಡ್ಲಿ ತಯಾರಿಕೆಯನ್ನು ಪರಿಶೀಲಿಸಿದಾಗ 52 ಕಡೆ ಹಿಟ್ಟಿನ ಕೆಳಗೆ ಹಾಸುವ ಬಿಳಿಯ ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಇತ್ತು. ಅಲ್ಲಿ ಯಾರಿಗೂ ಕೇಡು ಬಗೆಯುವ ಉದ್ದೇಶವಿರಲಿಲ್ಲ. ಬಟ್ಟೆ ಒಗೆಯುವ ಶ್ರಮ ಉಳಿಯಿತು, ಅಷ್ಟೆ. ಉಮಾಸ್ವಾತಿಗಳು ಹಿಂಸೆಯ ಲಕ್ಷಣದಲ್ಲಿಯೇ ಪ್ರಮಾದವನ್ನು ಸೇರಿಸಿದ್ದು ಇಂತಹ ಸಂದರ್ಭಗಳಿಗಾಗಿಯೇ ಇರಬೇಕು. ಹೂಕೋಸಿನ ಹುಳುವಿಗೆ ಮರುಗುವ ಮನೆಯಲ್ಲಿಯೇ ಜಿರಲೆಗೆ ವಿಷದ ಸೀಮೆಸುಣ್ಣ ಗೀಚುವುದೂ, ಶೌಚಾಲಯಕ್ಕೆ ಆಮ್ಲ ಸುರಿಯುವುದೂ ಈ ಪ್ರಮಾದದ ಬೇರೆ ಮುಖಗಳು.

ಆ ಆಮ್ಲ ಹೋಗುವುದಾದರೂ ಎಲ್ಲಿಗೆ? ರಾಜಾಜಿನಗರ, ಬಸವೇಶ್ವರನಗರ, ವಿಜಯನಗರಗಳ ಇಳಿಜಾರು ವೃಷಭಾವತಿಯ ಕಣಿವೆಗೆ ಸೇರಿದ್ದು. ಮನೆಗಳ ಸಾಬೂನು, ಮಾರ್ಜಕ, ಫಿನಾಯಿಲುಗಳು ಪೀಣ್ಯದ ಕಾರ್ಖಾನೆಗಳ ತ್ಯಾಜ್ಯದೊಡನೆ ಬೆರೆತು, ಮೈಸೂರು ರಸ್ತೆಯ ಬದಿಯಲ್ಲಿ ಕೆಂಗೇರಿಯನ್ನು ದಾಟಿ, ಬಿಡದಿಯ ಸಮೀಪದ ಬೈರಮಂಗಲ ಕೆರೆಯತ್ತ ಸಾಗುತ್ತವೆ. ಹೊಲಗಳಿಗೆ ನೀರುಣಿಸಲು ಕಟ್ಟಿದ ಆ ಕೆರೆಯ ಕಡೆಗೆ ನೊರೆಯ ರಾಶಿ ಹರಿದುಬಂದಿದೆ. ಅಲ್ಲಿ ಬೆಳೆದ ಮೇವು ಹಸುವಿಗೆ, ಹಸುವಿನ ಹಾಲು ಮತ್ತೆ ಪೇಟೆಗೆ. ನದಿ ಮುಂದೆ ಅರ್ಕಾವತಿಯನ್ನೂ, ಅರ್ಕಾವತಿ ಕಾವೇರಿಯನ್ನೂ ಕೂಡುತ್ತದೆ.

ನೀರು ಸೋಸುವ ಹಳೆಯ ಆಚಾರದಲ್ಲಿ ಎರಡು ಭಾಗಗಳಿದ್ದವು. ಸೋಸಿದ ನೀರನ್ನು ಕುಡಿಯುವುದು ಒಂದು. ಬಟ್ಟೆಯಲ್ಲಿ ಉಳಿದ ಸೂಕ್ಷ್ಮಜೀವಿಗಳನ್ನು ಅದೇ ಬಾವಿಗೆ ಜೋಪಾನವಾಗಿ ಮರಳಿಸುವುದು ಇನ್ನೊಂದು. ನಲ್ಲಿಗೆ ಶುದ್ಧೀಕರಣ ಯಂತ್ರ ಬಂದ ಮೇಲೆ ಮೊದಲ ಭಾಗ ಉಳಿಯಿತು, ಎರಡನೆಯದು ಮರೆಯಾಯಿತು. ತಾನು ಕುಡಿಯುವ ನೀರು ಶುದ್ಧವಾಗಿದ್ದರೆ ಸಾಕು, ತನ್ನಿಂದ ಹೊರಗೆ ಹೋಗುವ ನೀರು ಯಾರನ್ನು ಕೊಂದರೇನು ಎಂಬಲ್ಲಿಗೆ ಆಚಾರ ಬಂದು ನಿಂತರೆ ಅದನ್ನು ಅಹಿಂಸೆಯೆಂದು ಕರೆಯುವುದು ಕಷ್ಟ. ಅದು ಆರೋಗ್ಯರಕ್ಷಣೆ ಮಾತ್ರ.

ಆದ್ದರಿಂದ ಸಮಾಜದ ಮುಂದಿರುವ ಕೆಲಸ ಹೊಸ ವ್ರತಗಳನ್ನು ಕಲ್ಪಿಸುವುದಲ್ಲ, ಇರುವ ವ್ರತಗಳನ್ನು ಪೂರ್ತಿಯಾಗಿ ಓದುವುದು. ಬಣ್ಣ, ರಾಸಾಯನಿಕ, ಪ್ರಸಾಧನಗಳ ವ್ಯಾಪಾರದಲ್ಲಿರುವ ಶ್ರಾವಕನು ಮಾಲು ಯಾರ ಕೈ ಸೇರುತ್ತದೆಂದು ವಿಚಾರಿಸಿ ಮಾರಲಿ, ಸಂಶಯವಿದ್ದಲ್ಲಿ ಮಾರದಿರಲಿ. ಬಸದಿಯ ಉತ್ಸವಕ್ಕೆ ಮಿಠಾಯಿ ತರಿಸುವವರು ಬಣ್ಣವಿಲ್ಲದ್ದನ್ನೇ ಕೇಳಲಿ. ಪೂಜೆಯ ಕುಂಕುಮ ಅರಿಶಿನದಿಂದ ಆದದ್ದೋ ಬಣ್ಣದ ಪುಡಿಯೋ ಎಂದು ವಿಚಾರಿಸಲಿ. ಮಕ್ಕಳಿಗೆ ವ್ರತಗಳನ್ನು ಬೋಧಿಸುವಾಗ ಪ್ರತಿರೂಪಕ ವ್ಯವಹಾರವನ್ನು ಹೆಸರಿಗೆ ಹೇಳಿ ಮುಗಿಸದೆ ಅಂಗಡಿಯ ಪೊಟ್ಟಣವನ್ನು ಕೈಗೆ ಕೊಟ್ಟು ವಿವರಿಸಲಿ. ಪರ್ಯೂಷಣದ, ದಶಲಕ್ಷಣದ ದಿನಗಳಲ್ಲಿ ತಟ್ಟೆಯನ್ನು ಪರೀಕ್ಷಿಸುವ ಕಣ್ಣು ಗಲ್ಲಾಪೆಟ್ಟಿಗೆಯನ್ನೂ ಮನೆಯ ಚರಂಡಿಯನ್ನೂ ಒಮ್ಮೆ ಪರೀಕ್ಷಿಸಿದರೆ, ಶ್ರಾವಕಾಚಾರದ ಅರ್ಧಕ್ಕೆ ನಿಂತಿರುವ ಓದು ಮುಂದುವರಿದೀತು.