ಎರೆನಾಡಿನ ಜೀಪಿಗೆ ಡೀಸೆಲ್ ಕಸಿ

ರೋಣ, ನರಗುಂದ, ಗಜೇಂದ್ರಗಡಗಳ ಸೀಮೆಯಲ್ಲಿ ಹಳೆಯ ಜೀಪೊಂದರ ಬಾನೆಟ್ಟನ್ನು ಎತ್ತಿ ನೋಡಿದವನಿಗೆ, ಆ ಗಾಡಿಯನ್ನು ನಿರ್ಮಿಸಿದವರು ಇಟ್ಟಿದ್ದ ಪೆಟ್ರೋಲ್ ಇಂಜಿನ್ನು ಕಾಣದೆ, ಅದರ ಸ್ಥಾನದಲ್ಲಿ ಟ್ರಾಕ್ಟರಿನಿಂದಲೋ ಮತ್ತಾವುದೋ ವಾಹನದಿಂದಲೋ ಇಳಿಸಿ ತಂದ ಡೀಸೆಲ್ ಇಂಜಿನ್ನೊಂದು, ಮನೆಗೆ ದತ್ತುಬಂದು ಕಾಲಾಂತರದಲ್ಲಿ ಮನೆಯ ಯಜಮಾನಿಕೆಯನ್ನೇ ವಹಿಸಿಕೊಂಡ ಮಗನಂತೆ ನೆಲೆಸಿರುವುದು ಕಂಡುಬಂದರೆ, ಆಶ್ಚರ್ಯಪಡತಕ್ಕದ್ದೇನೂ ಇಲ್ಲ. ಈ ಕಾರ್ಯಕ್ಕೆ ಜನ ಇಟ್ಟುಕೊಂಡಿರುವ ಹೆಸರು ‘ಡೀಸೆಲ್ ಮಾಡಿಸುವುದು’. ಆ ಮಾತಿನಲ್ಲಿಯೇ ದೋಷದ ಬೀಜವಿದೆಯೆಂದು ನಾನು ಬಹುದಿನಗಳಿಂದ ಭಾವಿಸಿದ್ದೇನೆ. ಬದಲಾದದ್ದು ಇಂಧನ ಮಾತ್ರ, ಮಿಕ್ಕುದೆಲ್ಲ ಯಥಾಸ್ಥಿತಿಯಲ್ಲಿದೆ ಎಂಬ ಭ್ರಮೆಯನ್ನು ಅದು ಹುಟ್ಟಿಸುತ್ತದೆ. ಆದರೆ ಇಂಜಿನ್ನು ಬದಲಾದ ಜೀಪಿನಲ್ಲಿ ಮೊದಲಿನಂತೆಯೇ ಉಳಿಯಬಹುದಾದ ಅಂಗಗಳು ಕೆಲವೇ. ಹೀಗಾಗಿ ಈ ಕಸಿಯನ್ನು ಪರೀಕ್ಷಿಸಲು ಹೊರಟವನು ಕೂರಿಸಿದ ಇಂಜಿನ್ನನ್ನು ನೋಡುವುದಕ್ಕಿಂತ ಮುಂಚೆ, ಕೂರಿಸಿದವನು ಮುಟ್ಟದೆ ಬಿಟ್ಟದ್ದನ್ನು ನೋಡತಕ್ಕದ್ದು.

ಎರಡನೆಯ ಮಹಾಯುದ್ಧದ ವಿಲ್ಲಿಸ್ ಜೀಪಿನಲ್ಲಿದ್ದುದು 2.2 ಲೀಟರಿನ, ಸುಮಾರು 60 ಅಶ್ವಶಕ್ತಿಯ ‘ಗೋ ಡೆವಿಲ್’ ಎಂಬ ಪೆಟ್ರೋಲ್ ಇಂಜಿನ್ನು. ಮುಂದೆ ಮಹೀಂದ್ರ ಸಂಸ್ಥೆಯವರು ನಮ್ಮ ದೇಶದಲ್ಲಿ ತಯಾರಿಸಿದ ಸಿಜೆ-3ಬಿ ಮಾದರಿಗೆ ಅದೇ ಗಾತ್ರದ ‘ಹರಿಕೇನ್’ ಇಂಜಿನ್ನು ಬಂತು. ಅದರ ತಲೆ ಎತ್ತರವಾಗಿದ್ದುದರಿಂದ ಬಾನೆಟ್ಟನ್ನೂ ಎತ್ತರಿಸಬೇಕಾಯಿತು. ಯಾರೋ ದೂರದೇಶದ ಶಿಲ್ಪಿಗಳು ಪೆಟ್ರೋಲ್ ಇಂಜಿನ್ನಿಗಾಗಿ ಮಾಡಿಟ್ಟ ಆ ಎತ್ತರವೇ ಕಾಲಾಂತರದಲ್ಲಿ ನಮ್ಮ ಮಿಸ್ತ್ರಿಗಳಿಗೆ ಎತ್ತರವಾದ ಡೀಸೆಲ್ ಇಂಜಿನ್ನನ್ನು ಇಳಿಸಲು ಒದಗಿದ ಅವಕಾಶವಾಯಿತೆಂಬುದು ನನಗೆ ಸದಾ ಸಂತೋಷ ಕೊಡುವ ಸಂಗತಿ.

1973ರಲ್ಲಿಯೂ 1979ರಲ್ಲಿಯೂ ಜಗತ್ತಿನ ತೈಲದ ಬೆಲೆ ಏರಿ, ಪೆಟ್ರೋಲು ಶ್ರೀಮಂತರ ವಸ್ತುವೆಂದು ತೆರಿಗೆಯ ಭಾರವನ್ನು ಹೊತ್ತಾಗ, ಡೀಸೆಲ್ಲಾದರೋ ಕೃಷಿಗೂ ಸಾಗಾಣಿಕೆಗೂ ಬೇಕಾದದ್ದೆಂದು ಅಗ್ಗವಾಗಿಯೇ ಉಳಿಯಿತು. 1980ರ ಜುಲೈ ತಿಂಗಳಲ್ಲಿ ನರಗುಂದ, ನವಲಗುಂದಗಳ ರೈತರು ಮಲಪ್ರಭಾ ನೀರಾವರಿಯ ಕರಭಾರದ ವಿರುದ್ಧ ಎದ್ದು ನಿಂತ ಕಾಲವದು. ಹರಾಜಿನಲ್ಲಿ ಹಳೆಯ ಸರಕಾರಿ ಜೀಪನ್ನು ಕೊಂಡವನಿಗೆ ಅದರ ಹೊಟ್ಟೆ ತುಂಬಿಸುವುದೇ ಕೊಂಡ ಬೆಲೆಗಿಂತ ದೊಡ್ಡ ಚಿಂತೆಯಾಗುತ್ತಿತ್ತು. ಆದಕಾರಣ ಕಸಿಯ ಮೂಲ ಪ್ರೇರಣೆ ಮಿತವ್ಯಯವೇ ಹೊರತು ಸಾಹಸವಲ್ಲ. ಅದರಲ್ಲಿ ಹೀನವೆನ್ನತಕ್ಕದ್ದು ಏನೂ ಇಲ್ಲ.

ಆದರೆ ಈ ನೆಲದಲ್ಲಿ ಆ ಕಸಿ ಬೇರೂರಿದ್ದಕ್ಕೆ ಮಿತವ್ಯಯವೊಂದೇ ಕಾರಣವಲ್ಲವೆಂಬುದನ್ನು, ಮಳೆಗಾಲದಲ್ಲಿ ಎರಿಹೊಲದ ಬಂಡಿದಾರಿಯನ್ನು ಕಂಡವನು ಮಾತ್ರ ಬಲ್ಲನು. ಬೇಸಗೆಯಲ್ಲಿ ಕಾಲು ಹೋಗುವಷ್ಟು ಅಗಲವಾಗಿ ಬಿರಿಯುವ ಆ ಕರಿಯ ಮಣ್ಣು ಒಂದು ಮಳೆಗೆ ಉಬ್ಬಿ, ಬಿರುಕುಗಳನ್ನು ಮುಚ್ಚಿಕೊಂಡು, ಅಂಟಿನಂತಾಗಿ ಗಾಲಿಗೆ ಮೆತ್ತಿಕೊಂಡರೆ, ಅಲ್ಲಿ ವೇಗವಾಗಿ ತಿರುಗುವ ಗಾಲಿ ತನ್ನ ಗೋರಿಯನ್ನು ತಾನೇ ತೋಡಿಕೊಳ್ಳುತ್ತದೆ. ಅಲ್ಲಿ ಬೇಕಾದದ್ದು ಅವಸರವಿಲ್ಲದ, ಏಕರೂಪವಾದ ಎಳೆತ. ಮಹೀಂದ್ರರ ಬಿ-275 ಟ್ರಾಕ್ಟರಿನ ಇಂಟರ್‌ನ್ಯಾಶನಲ್ ಇಂಜಿನ್ನು, ಸುಮಾರು 35 ಅಶ್ವಶಕ್ತಿಯದು, 75ರ ಹರಿಕೇನಿನ ಅರ್ಧಕ್ಕೂ ಕಡಿಮೆ; ಆದರೂ ಕೆಸರಿನಲ್ಲಿ ಅದೇ ಹೆಚ್ಚು ಬಲಶಾಲಿಯೆಂದು ಇಲ್ಲಿಯ ಚಾಲಕರು ಹೇಳುವುದುಂಟು. ಈ ಮಾತನ್ನು ಅಜ್ಞಾನವೆಂದು ತಳ್ಳಿಹಾಕುವವರು ಗವರ್ನರ್ ಎಂಬ ಸಣ್ಣ ಯಂತ್ರಾಂಗದ ಮಹಿಮೆಯನ್ನು ಅರಿಯರು. ಭಾರ ಬಿದ್ದು ಇಂಜಿನ್ನಿನ ವೇಗ ತಗ್ಗುತ್ತಲೇ, ಚಾಲಕನ ಕಾಲಿನ ಅಪ್ಪಣೆಗೆ ಕಾಯದೆ, ಇಂಧನವನ್ನು ತಾನಾಗಿಯೇ ಹೆಚ್ಚಿಸಿ ಆ ವೇಗವನ್ನು ಕಾಯುವುದು ಅದರ ಧರ್ಮ. ಉಳುಮೆಗೆಂದು ಹುಟ್ಟಿದ ಈ ಗುಣ ಎರೆಮಣ್ಣಿನ ದಾರಿಯಲ್ಲಿ ಅನರ್ಘ್ಯವಾದದ್ದು. ಜೀಪಿನ ಮೊದಲನೆಯ ಗೇರು, ಟ್ರಾನ್ಸ್‌ಫರ್ ಪೆಟ್ಟಿಗೆಯ ‘ಲೋ’, ಹಿಂದು ಮುಂದಿನ ಆಕ್ಸಲುಗಳ 5.38ರ ಪ್ರಮಾಣ, ಈ ಮೂರನ್ನು ಗುಣಿಸಿದರೆ ಇಂಜಿನ್ನು ಸುಮಾರು 37 ಸುತ್ತು ಸುತ್ತಿದಾಗ ಗಾಲಿ ಒಂದು ಸುತ್ತು ತಿರುಗುತ್ತದೆ. ನಿಮಿಷಕ್ಕೆ 600 ಸುತ್ತಿನ ಐಡ್ಲಿಂಗ್ ಗತಿಯಲ್ಲಿ ಗಾಡಿ ಗಂಟೆಗೆ ಎರಡು ಕಿಲೋಮೀಟರಿನಷ್ಟು, ಎಂದರೆ ಎತ್ತಿನ ನಡಿಗೆಗಿಂತ ನಿಧಾನವಾಗಿ, ಚಾಲಕನು ಯಾವ ಪೆಡಲನ್ನೂ ಮುಟ್ಟದಿರುವಾಗ ತೆವಳುತ್ತ ಹೋಗುತ್ತದೆ. ಈ ಗತಿಯಲ್ಲಿ ಎರಿಯನ್ನು ದಾಟುವ ಜೀಪನ್ನು ನೋಡುವುದೇ ಒಂದು ಆನಂದ.

ಹಳ್ಳದ ಮಾತೂ ಇದೆ. ಈ ಎರೆಬಯಲಿನಲ್ಲಿ ಹರಿದು ಮಲಪ್ರಭೆಯನ್ನು ಸೇರುವ ಬೆಣ್ಣೆಹಳ್ಳ, ಹೆಸರಿಗೆ ಬೆಣ್ಣೆಯಾದರೂ, ಮುನಿದ ದಿನ ಊರುಗಳ ನಡುವಿನ ಸಂಪರ್ಕವನ್ನೇ ಕತ್ತರಿಸುತ್ತದೆ. ಪೆಟ್ರೋಲ್ ಇಂಜಿನ್ನಿನ ಡಿಸ್ಟ್ರಿಬ್ಯೂಟರಿಗೆ ನೀರು ಸಿಡಿಯಿತೆಂದರೆ ಕಿಡಿ ಸತ್ತು ಗಾಡಿ ನಡುನೀರಿನಲ್ಲಿ ನಿಲ್ಲುವುದು; ಕಿಡಿಯ ಹಂಗಿಲ್ಲದ ಡೀಸೆಲ್ಲು ತೊಯ್ದರೂ ಓಡುವುದು. ಈ ಧೈರ್ಯಕ್ಕೆ ಮಿತಿಯುಂಟು. ಗಾಳಿ ಸೇದುವ ಬಾಯಿಗೇ ನೀರು ನುಗ್ಗಿದರೆ, ಗಾಳಿಯಂತೆ ಕುಗ್ಗಲರಿಯದ ನೀರು ಸಿಲಿಂಡರಿನಲ್ಲಿ ಪಿಸ್ಟನ್ನನ್ನು ತಡೆದು ಕನೆಕ್ಟಿಂಗ್ ರಾಡನ್ನೇ ಬಾಗಿಸುತ್ತದೆ. ಕಸಿ ಮಾಡಿದವನು ಏರ್ ಕ್ಲೀನರನ್ನು ಎತ್ತರಕ್ಕೆ ಒಯ್ದನೋ, ಸಿಕ್ಕ ಸಂದಿಯಲ್ಲಿ ಕೆಳಗೆ ತೂರಿಸಿದನೋ ಎಂಬುದನ್ನು ನೋಡಿದರೆ, ಅವನು ಹಳ್ಳವನ್ನು ನೆನೆದು ಕೆಲಸ ಮಾಡಿದನೇ ಎಂಬುದು ತಿಳಿದುಹೋಗುತ್ತದೆ.

ಇನ್ನು ಜೋಡಣೆಯ ವಿಚಾರ. ಮಿಸ್ತ್ರಿಯ ವಿದ್ಯೆಯೆಲ್ಲ ಇಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಬರುವ ಒಂದು ಉಕ್ಕಿನ ಫಲಕದಲ್ಲಿ ಅಡಗಿದೆ. ಒಂದು ಕಡೆ ಡೀಸೆಲ್ ಇಂಜಿನ್ನಿನ ಬೋಲ್ಟುಗಳ ರಂಧ್ರ, ಇನ್ನೊಂದು ಕಡೆ ಜೀಪಿನ ಮೂರು ಗೇರುಗಳ ಪೆಟ್ಟಿಗೆಯದು. ಈ ಎರಡರ ಮಧ್ಯಬಿಂದು ಒಂದೇ ಆಗಬೇಕು, ಇಂಚಿನ ಸಾವಿರದ ಕೆಲವೇ ಭಾಗಗಳಷ್ಟೂ ತಪ್ಪಕೂಡದು. ತಪ್ಪಿದರೆ ಗೇರ್‌ಬಾಕ್ಸಿನ ಮುಂಭಾಗದ ದಂಡವು ಕ್ರ್ಯಾಂಕಿನ ಕೊನೆಯ ಬುಷ್ಷಿನಲ್ಲಿ ಓರೆಯಾಗಿ ತಿರುಗಿ, ಬೇರಿಂಗು ಸವೆದು, ಗೇರು ತಾನಾಗಿ ತಪ್ಪತೊಡಗುತ್ತದೆ. ಯಜಮಾನನಾದರೋ ಗೇರ್‌ಬಾಕ್ಸು ಹಳೆಯದಾಯಿತೆಂದು ಅದನ್ನೇ ದೂರುತ್ತಾನೆ. ಲೇಥಿನ ಮುಂದೆ ಡಯಲ್ ಗೇಜನ್ನು ಹಿಡಿದು ಅರ್ಧ ದಿನ ಕಳೆಯುವ ಮಿಸ್ತ್ರಿಗೆ ಆ ಅರ್ಧ ದಿನದ ಕೂಲಿಯನ್ನು ಕೊಡಲು ಹಿಂಜರಿಯುವವರನ್ನು ಕಂಡು ನನಗೆ ದುಃಖವಾಗಿದೆ.

ನನ್ನ ಮುಖ್ಯ ಆಕ್ಷೇಪ ಬ್ರೇಕಿನದು. ಹಳೆಯ ಜೀಪಿನ ಬ್ರೇಕುಗಳು ಒಂಬತ್ತು ಇಂಚಿನ ಡ್ರಮ್ಮುಗಳು, ಬೂಸ್ಟರಿನ ನೆರವಿಲ್ಲದವು. ಹಗುರವಾದ ಗಾಡಿಗೆ, ನಾಲ್ಕೈದು ಜನರಿಗೆ ಸಾಕಾದವು. ಭಾರವಾದ ಇಂಜಿನ್ನನ್ನು ಮೂಗಿನ ಮೇಲೆ ಹೇರಿ, ಹತ್ತು ಹನ್ನೆರಡು ಜನರನ್ನು ತುಂಬಿ ಅದೇ ಬ್ರೇಕನ್ನು ನಂಬುವುದು ಹೇಗೆ ಸರಿಯಾದೀತು? ಡೀಸೆಲ್ಲು ಇಳಿಜಾರಿನಲ್ಲಿ ಗಾಡಿಯನ್ನು ತಾನೇ ಹಿಡಿಯುತ್ತದೆಂಬ ನಂಬಿಕೆಯೊಂದು ಪ್ರಚಾರದಲ್ಲಿದೆ. ಅದು ಬಹುಮಟ್ಟಿಗೆ ತಪ್ಪು. ಪೆಟ್ರೋಲ್ ಇಂಜಿನ್ನಿನಲ್ಲಿ ಕಾಲೆತ್ತಿದಾಗ ಗಾಳಿಯ ದಾರಿ ಮುಚ್ಚಿ, ಒಳಗೆ ಹುಟ್ಟುವ ನಿರ್ವಾತವು ಇಂಜಿನ್ನನ್ನು ಹಿಂದಕ್ಕೆಳೆಯುತ್ತದೆ. ಡೀಸೆಲ್ಲಿನಲ್ಲಿ ಅಂತಹ ಕವಾಟವಿಲ್ಲದ್ದರಿಂದ, ಕುಗ್ಗಿದ ಗಾಳಿ ಒತ್ತಿದ ಸ್ಪ್ರಿಂಗಿನಂತೆ ತಾನು ಪಡೆದ ಶಕ್ತಿಯ ಬಹುಭಾಗವನ್ನು ಹಿಂದಕ್ಕೆ ಕೊಡುತ್ತದೆ. ದೊಡ್ಡ ಲಾರಿಗಳಿಗೆ ಪ್ರತ್ಯೇಕವಾಗಿ ಎಕ್ಸಾಸ್ಟ್ ಬ್ರೇಕನ್ನು ಇಡುವುದು ಇದರಿಂದಲೇ. ಅದೇ ನಿರ್ವಾತದಿಂದ ನಡೆಯುತ್ತಿದ್ದ ಹಳೆಯ ವೈಪರುಗಳೂ ಕಸಿಯಾದಂದಿನಿಂದ ಸ್ತಬ್ಧವಾಗುತ್ತವೆ.

ಗಜೇಂದ್ರಗಡದ ಗುಡ್ಡದ ದಾರಿಯಲ್ಲಿ ಇಳಿಯುತ್ತಿದ್ದ ಒಂದು ಜೀಪಿನಲ್ಲಿ, ಮಳೆಯ ಸಂಜೆ, ನಾನೂ ಕುಳಿತಿದ್ದೆ. ಮೂರನೆಯ ಗೇರಿನಲ್ಲಿದ್ದ ಗಾಡಿ ವೇಗ ಹಿಡಿಯತೊಡಗಿತು; ಕೆಸರು ಹೊಕ್ಕ ಡ್ರಮ್ಮುಗಳು ಮೊದಲು ಕಿರಿಚಿ, ಆಮೇಲೆ ಸುಮ್ಮನಾದುವು. ಚಾಲಕನು ಪೆಡಲನ್ನು ಮತ್ತೆ ಮತ್ತೆ ತುಳಿದು, ಗೇರನ್ನು ಇಳಿಸಲಾರದೆ, ಕೊನೆಗೆ ಪಕ್ಕದ ಮಸಾರಿ ಮಣ್ಣಿನ ದಿಬ್ಬಕ್ಕೆ ಗಾಲಿಯನ್ನು ಉಜ್ಜಿಸಿ ನಿಲ್ಲಿಸಿದನು. ಯಾರಿಗೂ ಪೆಟ್ಟಾಗಲಿಲ್ಲ. ಇಂಜಿನ್ನು ಮಾತ್ರ ಏನೂ ಆಗದಂತೆ ಗುಡುಗುಡಿಸುತ್ತ ನಿಂತಿತ್ತು. ಆ ಶಬ್ದವನ್ನು ಕೇಳುತ್ತ ನಿಂತಾಗ, ಅದರ ಮೇಲೆ ಸುರಿದ ಹಣದಲ್ಲಿ ಹತ್ತರಲ್ಲೊಂದು ಪಾಲಾದರೂ ಡ್ರಮ್ಮುಗಳಿಗೆ ಸಂದಿದ್ದರೆ ಎಂಬುದಲ್ಲದೆ ಬೇರೆ ಯೋಚನೆ ನನಗೆ ಬರಲಿಲ್ಲ.

ಯಾವ ಇಂಜಿನ್ನು ಮೇಲು ಎಂಬ ಚರ್ಚೆಗೆ ನನ್ನ ಉತ್ತರ ದಾರಿಯನ್ನು ಅವಲಂಬಿಸಿದೆ. ನಿಮಿಷಕ್ಕೆ 2400 ಸುತ್ತಿಗೆ ಸೀಮಿತವಾದ ಇಂಜಿನ್ನು 5.38ರ ಆಕ್ಸಲಿನೊಡನೆ ಗಂಟೆಗೆ 60 ಕಿಲೋಮೀಟರನ್ನು ಮುಟ್ಟುವುದೇ ಕಷ್ಟ. ಹೊಲಕ್ಕೂ ಸಂತೆಗೂ ಅದು ಸಾಕು, ಹುಬ್ಬಳ್ಳಿಯ ಹೆದ್ದಾರಿಗೆ ಸಾಲದು. 1980ರ ದಶಕದಲ್ಲಿ ಮಹೀಂದ್ರರ ಜೀಪುಗಳಿಗೇ ಬಂದ 2112 ಸಿ.ಸಿ.ಯ ಪ್ಯೂಜೋ ಇಂಜಿನ್ನು 4500 ಸುತ್ತಿನವರೆಗೂ ಏರಬಲ್ಲದು, ಟ್ರಾಕ್ಟರಿನದಕ್ಕಿಂತ ಹಗುರ, ಮುಂಗಾಲಿಯನ್ನು ಎರಿಯಲ್ಲಿ ಅಷ್ಟಾಗಿ ಹೂಳುವುದಿಲ್ಲ. ಆದರೆ ಕೆಳಸುತ್ತುಗಳಲ್ಲಿ ಇಂಟರ್‌ನ್ಯಾಶನಲ್ಲಿನ ಆ ತಾಳ್ಮೆ ಅದಕ್ಕಿಲ್ಲ.

2014ರ ಅಕ್ಟೋಬರಿನಲ್ಲಿ ಡೀಸೆಲ್ಲಿನ ಬೆಲೆ ಸರಕಾರದ ಹಿಡಿತದಿಂದ ಬಿಡುಗಡೆಯಾದ ಮೇಲೆ ಮಿತವ್ಯಯದ ವಾದ ಕ್ಷೀಣಿಸಿತು. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ಮಾರ್ಪಾಟುಗಳಿಗೆ ಹಾಕಿದ ಕಟ್ಟನ್ನು ಸರ್ವೋಚ್ಚ ನ್ಯಾಯಾಲಯ 2019ರಲ್ಲಿ ಬಿಗಿಯಾಗಿ ವ್ಯಾಖ್ಯಾನಿಸಿತು. ಹೊಸ ಕಸಿಗಳು ಈಗ ವಿರಳ.

ಉಳಿದಿರುವವುಗಳಲ್ಲಿ ಶ್ರೇಷ್ಠವೆಂದು ನಾನು ಎಣಿಸಿರುವ ಒಂದು ಜೀಪು ರೋಣದ ಕಡೆಯದು. ಮುಂದಿನ ಪಾಟಾಗಳಿಗೆ ಒಂದೊಂದು ಎಲೆ ಹೆಚ್ಚಿಗೆ ಸೇರಿಸಿದ್ದಾರೆ; ಏರ್ ಕ್ಲೀನರು ಗಾಜಿನ ಚೌಕಟ್ಟಿನವರೆಗೆ ಏರಿದೆ; ಡ್ರಮ್ಮುಗಳು ಮೂಲದವಲ್ಲ, ಹೆಚ್ಚು ಅಗಲದವು; ಆಲ್ಟರ್ನೇಟರಿನ ಬೆನ್ನಿಗೆ ನಿರ್ವಾತದ ಪಂಪು ಅಂಟಿಕೊಂಡು ಬ್ರೇಕಿನ ಬೂಸ್ಟರಿಗೆ ಉಸಿರು ಕೊಡುತ್ತಿದೆ. ಅದರ ಯಜಮಾನರು ನನಗೆ ಇಂಜಿನ್ನನ್ನು ತೋರಿಸುವುದಕ್ಕೆ ಮೊದಲು ಮಂಡಿಯೂರಿ ಕುಳಿತು ಹಿಂದಿನ ಗಾಲಿಯ ಡ್ರಮ್ಮನ್ನು ತೋರಿಸಿದರು.