ಮಾಳಿಗೆ ಮನೆ: ಕಂಬದ ಬಲ, ಮಣ್ಣಿನ ಭಾರ

ಶಹಾಪುರ, ಸುರಪುರ ಸೀಮೆಯ ಹಳೆಯ ಮಾಳಿಗೆ ಮನೆ ಬೀದಿಯಿಂದ ನೋಡಿದರೆ ಬರೀ ಕಲ್ಲಿನ ಕಟ್ಟಡ. ನಿಂತಿರುವುದು ಮಾತ್ರ ಕಟ್ಟಿಗೆಯ ಮೇಲೆ. ಕಲ್ಲು-ಮಣ್ಣಿನ ದಪ್ಪ ಗೋಡೆ ತಡೆಯುವುದು ಬಿಸಿಲನ್ನು, ಕಳ್ಳರನ್ನು. ಮಾಳಿಗೆಯ ಭಾರವನ್ನು ಬಹುಮಟ್ಟಿಗೆ ಹೊರುವವು ಕಂಬಗಳು. ಕಂಬದ ಬುಡಕ್ಕೆ ಕಲ್ಲು, ತಲೆಗೆ ಬೋದಿಗೆ, ಅದರ ಮೇಲೆ ತೊಲೆ, ತೊಲೆಗೆ ಅಡ್ಡಲಾಗಿ ಜಂತಿ, ಆಮೇಲೆ ಸಣ್ಣ ಕಟ್ಟಿಗೆ, ಬೇವಿನ ತಪ್ಪಲು, ಕೊನೆಗೆ ಮಣ್ಣು. ಕಂಬಗಳ ನಡುವಿನ ಜಾಗ ಅಂಕಣ. ಮನೆಯ ದೊಡ್ಡಸ್ತಿಕೆಯನ್ನು ಅಳೆಯುವುದೂ ಅಂಕಣದ ಲೆಕ್ಕದಲ್ಲೇ. ಉಳ್ಳವರ ವಾಡೆಯಲ್ಲಿ ಸಾಗವಾನಿ, ಬೋದಿಗೆಗೆ ಕೆತ್ತನೆ. ಒಕ್ಕಲು ಮನೆಯಲ್ಲಿ ಬೇವು, ಜಾಲಿ. ಉದ್ದನೆಯ ಮರ ಸಿಗದ ಬಯಲಿನಲ್ಲಿ ಅಂಕಣ ಕಿರಿದಾಗಿ, ಕಂಬಗಳು ಹೆಚ್ಚಿದವು.

ತಲಬಾಗಿಲು ದಾಟಿದರೆ ತಗ್ಗಿನ ಅಂಕಣ ದನಗಳದು, ಎತ್ತರದ ಪಡಸಾಲೆ ಮನುಷ್ಯರದು. ಮಲಗಿದಲ್ಲಿಂದಲೇ ಗ್ವಾದಲಿಯ ಮೇಲೆ ಕಣ್ಣಿಡಬಹುದಾದ ಈ ಏರ್ಪಾಡು ಒಕ್ಕಲುತನಕ್ಕೆ ಹೇಳಿ ಮಾಡಿಸಿದ್ದು. ಅಡುಗೆಮನೆಯ ವಿಷಯದಲ್ಲಿ ಅದೇ ಜಾಣತನ ಕಾಣುವುದಿಲ್ಲ. ಒಳಗಿನ ಮೂಲೆಯಲ್ಲಿರುವ ಅದಕ್ಕೆ ಮಾಳಿಗೆಯ ಬೆಳಕಿಂಡಿಯೇ ಗತಿ. ಮಳೆ ಬಂದರೆ ಅದನ್ನೂ ಮುಚ್ಚಬೇಕು. ನಲವತ್ತು ಡಿಗ್ರಿ ದಾಟುವ ಬೇಸಿಗೆಯಲ್ಲಿ ಪಡಸಾಲೆಯ ತಂಪನ್ನು ಹೊಗಳುವವರು ಸಾಮಾನ್ಯವಾಗಿ ಒಲೆಯ ಮುಂದೆ ಕೂತವರಲ್ಲ.

ಈ ರಚನೆಯ ನಿಜವಾದ ಕುಂದು ತಲೆಯ ಮೇಲಿದೆ. ಒಂದಡಿ ದಪ್ಪದ ಮಣ್ಣು ಚದರ ಮೀಟರಿಗೆ ಸುಮಾರು 500 ಕಿಲೋ ತೂಗುತ್ತದೆ, ನಾಲ್ಕಿಂಚಿನ ಕಾಂಕ್ರೀಟ್ ಸ್ಲ್ಯಾಬಿನ ಎರಡರಷ್ಟು. ಸೋರಿದಾಗಲೆಲ್ಲ ಹಳೆಯದನ್ನು ಕೆದರಿ ತೆಗೆಯದೆ ಹೊಸ ಮಣ್ಣು ಹಾಕಿದರೆ ಭಾರ ಏರುತ್ತಲೇ ಹೋಗುತ್ತದೆ.

1993ರ ಸೆಪ್ಟೆಂಬರ್ 30ರಂದು ಮಹಾರಾಷ್ಟ್ರದ ಕಿಲ್ಲಾರಿಯಲ್ಲಾದ ಭೂಕಂಪ ಇಂಥದೇ ಮನೆಗಳ ಊರುಗಳನ್ನು ನೆಲಸಮ ಮಾಡಿ ಸಾವಿರಾರು ಜನರನ್ನು ಬಲಿ ತೆಗೆದುಕೊಂಡಿತು. ಅಲ್ಲಿಂದ ಮಾಳಿಗೆ ಮನೆಗೇ ಕೆಟ್ಟ ಹೆಸರು. ಕುಸಿದದ್ದು ಮುಖ್ಯವಾಗಿ ಗೋಡೆ: ಹೊರಪದರ, ಒಳಪದರಗಳನ್ನು ಹೆಣೆಯುವ ಉದ್ದಗಲ್ಲಿಲ್ಲದೆ, ನಡುವೆ ಚೂರುಕಲ್ಲು ತುಂಬಿದ ಗೋಡೆ. ಕಂಬ-ತೊಲೆಗಳೇ ಪೂರ್ತಿ ಭಾರ ಹೊತ್ತಿದ್ದ ಕೆಲವೆಡೆ ಗೋಡೆ ಉದುರಿದರೂ ಮಾಳಿಗೆ ನಿಂತಿತು.

ಈಚಿನ ದುರಸ್ತಿಗಳು ಈ ವ್ಯತ್ಯಾಸವನ್ನು ಗಮನಿಸಿದಂತಿಲ್ಲ. ಕಂಬ ಕಿತ್ತು, ಅದೇ ಮಣ್ಣುಗಾರೆಯ ಗೋಡೆಯ ಮೇಲೆ ಸ್ಲ್ಯಾಬ್ ಕೂರಿಸಿದರೆ ಬಲವಾದದ್ದು ಹೋಗಿ ದುರ್ಬಲವಾದದ್ದು ಉಳಿಯುತ್ತದೆ. ಗೋಡೆಗೆ ಬಳಿದ ಸಿಮೆಂಟೂ ಕೇಡೇ. ತೇವ ಒಳಗೇ ನಿಂತು, ಗೋಡೆಯಲ್ಲಿ ಹುದುಗಿದ ತೊಲೆಯ ತುದಿ ಯಾರ ಕಣ್ಣಿಗೂ ಬೀಳದೆ ಲಡ್ಡಾಗುತ್ತದೆ.